ಮದರಾಸಿನಲ್ಲಿ ನಮ್ಮವರ ಹೋಟೆಲುಗಳು

ನುಂಗಂಬಾಕ್ಕಂ ಮತ್ತು ಅದರ ಆಸುಪಾಸಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಸಂಸಾರಗಳಿಗೆ ಈಗ ಹೋಟೆಲಿಗೆ ಹೋಗಿ ಊಟ ಮಾಡುವುದು ಒಂದು ವಿಶೇಷವೇ ಅಲ್ಲ. ಮಗುವಿನ ಹುಟ್ಟುಹಬ್ಬವೆಂದರೆ ಖಾದರ್ ನವಾಜ್ ಖಾನ್ ರಸ್ತೆ. ಬಡ್ತಿ ಬಂದರೆ ಹೈರೋಡು. ಗಾಜಿನ ಬಾಗಿಲು, ಮಂದವಾದ ದೀಪ, ಇಟಲಿಯ ತಿಂಡಿ, ಚೀನದ ಸಾರು ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. 1974ರಲ್ಲಿ ತಾಜ್ ಕೋರಮಂಡಲ್ ಹೋಟೆಲು ಇಲ್ಲಿ ಬಾಗಿಲು ತೆರೆದ ಮೇಲಂತೂ ಈ ಬಡಾವಣೆಯ ಹೆಸರು ಊಟೋಪಚಾರದ ಶೋಕಿಯೊಡನೆ ಸೇರಿಹೋಗಿದೆ. ನಮ್ಮ ಮಕ್ಕಳು ಇದನ್ನೇ ಸ್ಟೈಲು ಎನ್ನುತ್ತಾರೆ. 'ಉಡುಪಿ ಹೋಟೆಲಿಗೆ ಹೋಗೋಣ' ಎಂದರೆ ಮುಖ ಸಣ್ಣದು ಮಾಡುತ್ತಾರೆ; ಅದು ಅಜ್ಜಂದಿರ ಕಾಲದ್ದಂತೆ.

ಅಜ್ಜಂದಿರ ಕಾಲದ್ದು ನಿಜ. ಆದರೆ ಆ ಕಾಲದಲ್ಲಿ ಮದರಾಸಿನ ಶೋಕಿಯ ಹೋಟೆಲು ಯಾವುದಾಗಿತ್ತು, ಅದನ್ನು ಕಟ್ಟಿದವರು ಯಾರು ಎಂಬುದನ್ನು ಮಕ್ಕಳಿಗೆ ಹೇಳುವವರು ಕಡಮೆಯಾಗುತ್ತಿದ್ದಾರೆ. ರಾಜ್ಯೋತ್ಸವದ ಈ ಸಂದರ್ಭದಲ್ಲಿ ಆ ಕಥೆಯನ್ನು ವಾಚಕರ ಮುಂದಿಡಬೇಕೆಂದು ನಮ್ಮ ಆಸೆ. ಕನ್ನಡನಾಡಿನ ಚರಿತ್ರೆಯೆಂದರೆ ಕದಂಬರು, ಹೊಯ್ಸಳರು, ವಿಜಯನಗರದ ಅರಸರು ಎಂದು ಹೇಳುತ್ತೇವೆ, ಅದು ಸರಿಯೇ. ಆದರೆ ಹೊರನಾಡಿನ ಈ ನಗರದಲ್ಲಿ ನಮ್ಮವರ ಹೆಸರನ್ನು ಮನೆಮನೆಗೂ ಮುಟ್ಟಿಸಿದ್ದು ಅರಸರ ಕತ್ತಿಯಲ್ಲ, ರುಬ್ಬುವ ಕಲ್ಲು.

ಮೊದಲು ಈ ಸ್ಥಳದ ವಿಷಯ ಒಂದೆರಡು ಮಾತು. ನುಂಗಂಬಾಕ್ಕಂ ಒಂದು ಹಳ್ಳಿಯಾಗಿತ್ತು. 1708ರಲ್ಲಿ ಇನ್ನೂ ನಾಲ್ಕು ಹಳ್ಳಿಗಳೊಡನೆ ಇದು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಮುಂದೆ ದೊರೆಗಳು ಇಲ್ಲಿ ವಿಶಾಲವಾದ ತೋಟದ ಬಂಗಲೆಗಳನ್ನು ಕಟ್ಟಿಕೊಂಡರು. ಅವರಿಗೆ ಹೊರಗೆ ಊಟ ಬೇಕೆಂದರೆ ಮೌಂಟ್ ರೋಡಿನಲ್ಲಿ ಇಟಲಿಯವರ ಡಿ'ಏಂಜೆಲಿಸ್ ಹೋಟೆಲಿತ್ತು, ಹತ್ತಿರದಲ್ಲಿಯೇ ಕನ್ನೆಮರಾ ಇತ್ತು. ನಮ್ಮ ಜನರಿಗೆ? ಊರಿಗೆ ಬಂದ ಪರಸ್ಥಳದವನು ಬಂಧುಗಳ ಮನೆ ಹುಡುಕಬೇಕು, ಇಲ್ಲವೆ ಛತ್ರ ಸೇರಬೇಕು, ಅದೂ ಇಲ್ಲವಾದರೆ ಒಂದು ಸಣ್ಣ ಮೆಸ್ಸಿನಲ್ಲಿ ನೆಲದ ಮೇಲೆ ಕುಳಿತು ಉಣ್ಣಬೇಕು. ಹೊರಗೆ ತಿನ್ನುವುದೇ ಮರ್ಯಾದೆಗೇಡು, ಮಡಿಗೆ ವಿರೋಧ ಎಂದು ಹಿರಿಯರು ನಂಬಿದ್ದ ಕಾಲವದು. ಕಾಫಿ ಕ್ಲಬ್ಬಿಗೆ ಹೋಗುವ ತರುಣನು ಮನೆಯಲ್ಲಿ ಹೇಳದೆ ಹೋಗುತ್ತಿದ್ದ.

ಇಂಥ ಸಮಯದಲ್ಲಿ ದಕ್ಷಿಣ ಕನ್ನಡದ ಹುಡುಗರು ಮದರಾಸಿಗೆ ಬರತೊಡಗಿದರು. ಏಕೆ ಬಂದರೆಂದು ವಿಚಾರಿಸಿದರೆ ಮೂರು ನಾಲ್ಕು ಕಾರಣಗಳು ಕಾಣುತ್ತವೆ. ಉಡುಪಿಯ ಸುತ್ತಲಿನ ಪುರೋಹಿತ ಮನೆತನಗಳಲ್ಲಿ ಮಕ್ಕಳು ಹೆಚ್ಚು, ಗದ್ದೆ ಕಡಮೆ. 1923ರ ಮಹಾಪ್ರವಾಹದಲ್ಲಿ ಕರಾವಳಿಯ ಎಷ್ಟೋ ಸಂಸಾರಗಳು ಇದ್ದುದನ್ನೂ ಕಳೆದುಕೊಂಡವು. ಕೈಯಲ್ಲಿದ್ದ ವಿದ್ಯೆಯೆಂದರೆ ಅಡುಗೆ. ಶ್ರೀಕೃಷ್ಣಮಠ ಮತ್ತು ಅಷ್ಟಮಠಗಳ ಪಾಕಶಾಲೆಯಲ್ಲಿ ನೂರಾರು ಎಲೆಗೆ ಒಮ್ಮೆಗೇ ಬೇಯಿಸಿ, ಹೊತ್ತಿಗೆ ಸರಿಯಾಗಿ ಬಡಿಸುವ ಪದ್ಧತಿ ಶತಮಾನಗಳಿಂದ ನಡೆದುಬಂದಿತ್ತು. ಹತ್ತು ಜನರಿಗೆ ರುಚಿಯಾಗಿ ಅಡುಗೆ ಮಾಡುವವರು ಎಲ್ಲೆಲ್ಲಿಯೂ ಇದ್ದಾರೆ. ಐನೂರು ಜನರಿಗೆ ದಿನವೂ ಒಂದೇ ರುಚಿಯಲ್ಲಿ ಮಾಡುವುದು ಬೇರೆಯ ವಿದ್ಯೆ. ಇನ್ನೊಂದು ಕಾರಣ, 1907ರಲ್ಲಿ ಮಂಗಳೂರಿಗೂ ಮದರಾಸಿಗೂ ರೈಲು ಸಂಬಂಧ ಏರ್ಪಟ್ಟಿತ್ತು. ಎಲ್ಲಕ್ಕಿಂತ ಮುಖ್ಯವಾದ ಕಾರಣವೊಂದುಂಟು, ಅದನ್ನು ನಾವು ಮರೆಯುತ್ತೇವೆ. ಆಗ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತಕ್ಕೇ ಸೇರಿತ್ತು. ಉಡುಪಿಯ ಹುಡುಗನು ಮದರಾಸಿಗೆ ಬಂದಾಗ ಪರರಾಜ್ಯಕ್ಕೆ ಬರಲಿಲ್ಲ. ತನ್ನ ಪ್ರಾಂತದ ರಾಜಧಾನಿಗೆ ಬಂದ.

ಹೀಗೆ ಬಂದವರಲ್ಲಿ ಕೆ. ಕೃಷ್ಣರಾಯರ ಹೆಸರು ಮುಂದೆ ನಿಲ್ಲುತ್ತದೆ. ದಕ್ಷಿಣ ಕನ್ನಡದ ಕಡಂದಲೆಯ ಬಡ ಮನೆತನ. ಎಳೆವಯಸ್ಸಿನಲ್ಲಿ ಊರು ಬಿಟ್ಟು ಮದರಾಸು ಸೇರಿ ಅಡುಗೆಮನೆಯ ಚಾಕರಿಯಿಂದ ಆರಂಭಿಸಿದರು. 1920ರ ದಶಕ ಮುಗಿಯುವುದರೊಳಗೆ ಮೌಂಟ್ ರೋಡಿನಂಥ ದೊರೆಗಳ ಬೀದಿಯಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸವನ್ನು ನಡೆಸುವ ಮಟ್ಟಕ್ಕೆ ಬಂದರು. 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜರಿಗೆ ಸೇರಿದ್ದ ಒಂದು ಬಂಗಲೆಯನ್ನು ಗುತ್ತಿಗೆಗೆ ಹಿಡಿದು, ಊಟದೊಡನೆ ವಸತಿಯನ್ನೂ ಒದಗಿಸುವ ಹೋಟೆಲು ಮಾಡಿದರು. ಆ ಬಂಗಲೆಯ ಹೆಸರು ವುಡ್‌ಲ್ಯಾಂಡ್ಸ್. ಇಂಗ್ಲಿಷ್ ಹೆಸರು, ರಾಜರ ಬಂಗಲೆ, ಒಳಗೆ ಉಡುಪಿಯ ಊಟ! ದೇಶೀಯ ಗೃಹಸ್ಥನು ಹೆಂಡತಿ ಮಕ್ಕಳೊಡನೆ ಸಂಕೋಚವಿಲ್ಲದೆ ಒಳಗೆ ಹೋಗಿ, ಮೇಜಿನ ಮುಂದೆ ಕುಳಿತು, ಶುಚಿಯಾದ ಶಾಕಾಹಾರವನ್ನು ಉಣ್ಣುವಂತಾಯಿತು. 1952ರಲ್ಲಿ ರಾಯರು ಎಡ್ವರ್ಡ್ ಎಲಿಯಟ್ಸ್ ರೋಡಿನಲ್ಲಿ, ಅಂದರೆ ಈಗಿನ ಡಾಕ್ಟರ್ ರಾಧಾಕೃಷ್ಣನ್ ಸಾಲೈಯಲ್ಲಿ, ನ್ಯೂ ವುಡ್‌ಲ್ಯಾಂಡ್ಸ್ ತೆರೆದರು. ಅದೇ ದಶಕದಲ್ಲಿ ಕೆ. ಸೀತಾರಾಮ ರಾಯರ ದಾಸಪ್ರಕಾಶವು ಪೂನಮಲ್ಲಿ ಹೈರೋಡಿನಲ್ಲಿ ಅರಮನೆಯಂತೆ ಎದ್ದು ನಿಂತಿತು. ಅಲ್ಲಿಯ ಐಸ್‌ಕ್ರೀಮಿಗಾಗಿಯೇ ಜನ ದೂರದಿಂದ ಬರುತ್ತಿದ್ದರು.

ಹೋಟೆಲಿನ ಹಿಂಬದಿಯನ್ನೂ ಸ್ವಲ್ಪ ನೋಡೋಣ. ನಾವು ಬ್ಯಾಂಕಿನ ಲೆಡ್ಜರಿನ ಮುಂದೆ ಕೂಡುವವರು. ಆದ್ದರಿಂದ ಈ ವ್ಯಾಪಾರದ ಲೆಕ್ಕವು ನಮಗೆ ವಿಶೇಷವಾಗಿ ಕುತೂಹಲ ಹುಟ್ಟಿಸುತ್ತದೆ. ಅಕ್ಕಿ ಬೇಳೆ ಬೆಳಿಗ್ಗೆ ಒಳಗೆ ಬಂದರೆ ಸಂಜೆಗೆ ಹಣವಾಗಿ ಗಲ್ಲಾಪೆಟ್ಟಿಗೆಯಲ್ಲಿರುತ್ತದೆ. ಉದ್ರಿ ಇಲ್ಲ, ಸರಕು ಕೊಳೆಯುವುದಿಲ್ಲ. ಒಂದು ಕುರ್ಚಿಯು ದಿನಕ್ಕೆ ಎಷ್ಟು ಸಲ ತೆರವಾಗಿ ತುಂಬಿತು ಎಂಬುದರಲ್ಲಿಯೇ ಲಾಭ. ಹೀಗಾಗಿ ಕಡಮೆ ಬೆಲೆಗೆ ಒಳ್ಳೆಯ ತಿಂಡಿ ಕೊಟ್ಟೂ ಬದುಕಬಹುದಾಗಿತ್ತು. ಬಂಡವಾಳಕ್ಕೆ ಬದಲಾಗಿ ನಂಬಿಕೆಯಿತ್ತು. ಊರಿನಿಂದ ಬಂದ ಮಾಣಿ ಮೊದಲು ಎಂಜಲು ಮೇಜು ಒರೆಸುವನು, ಆಮೇಲೆ ಸಪ್ಲಾಯರ್, ಜಾಣನಾದರೆ ಅಡಿಗೆಯವನ ಕೈಕೆಳಗೆ, ಪ್ರಾಮಾಣಿಕನಾದರೆ ಗಲ್ಲಾದ ಮೇಲೆ. ಗಲ್ಲಾದಲ್ಲಿ ಹಲವು ವರ್ಷ ಕುಳಿತವನಿಗೆ ಧಣಿಗಳೇ ಒಂದು ಶಾಖೆ ಹಾಕಿಕೊಡುವುದುಂಟು, ಇಲ್ಲವೆ ಬಂಧುಗಳು ಕೂಡಿ ಹಣ ಹಾಕುವುದುಂಟು. ಕಾಲೇಜು ಮೆಟ್ಟಿಲು ಹತ್ತದವರಿಗೆ ಇದೇ ಕಾಲೇಜು.

ಇದೇ ಕರಾವಳಿಯಲ್ಲಿಯೇ ಬ್ಯಾಂಕುಗಳೂ ಹುಟ್ಟಿದವೆಂಬುದನ್ನು ಇಲ್ಲಿ ನೆನೆಯಬೇಕು. ಕೆನರಾ ಬ್ಯಾಂಕು ಮಂಗಳೂರಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಉಡುಪಿಯಲ್ಲಿಯೂ 1906ರಲ್ಲಿ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಉಡುಪಿಯಲ್ಲಿ. ಆ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿಗೇ ಹೋಗಿ ದಿನಕ್ಕೆ 2 ಆಣೆಯಂತೆ ಕೂಡಿಸಿದರು. ಸಣ್ಣ ನಾಣ್ಯವನ್ನು ಕೀಳಾಗಿ ಕಾಣದೆ ಎಣಿಸಿ ಇಡುವ ಬುದ್ಧಿ ಹೋಟೆಲಿಗೂ ಬ್ಯಾಂಕಿಗೂ ಒಂದೇ. 2020ರ ಏಪ್ರಿಲ್ 1ರಂದು ಸಿಂಡಿಕೇಟು ಕೆನರಾದೊಳಗೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೂ ಸೇರಿಹೋದವು. ಹೆಸರುಗಳು ಹೋಗುವ ಬಗೆ ಹೀಗೆ.

ಚರಿತ್ರೆಯೆಂದ ಮೇಲೆ ಬರಿಯ ಹೊಗಳಿಕೆ ಸಲ್ಲದು. ಈ ಹೋಟೆಲುಗಳ ಬಾಗಿಲು ಎಲ್ಲರಿಗೂ ಒಂದೇ ತೆರನಾಗಿ ತೆರೆದಿರಲಿಲ್ಲ. ಆ ಕಾಲದ ಮದರಾಸಿನ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಸ್ಥಳ, ಉಳಿದವರಿಗೆ ಬೇರೆ ಸ್ಥಳ ಇಡುವುದು ವಾಡಿಕೆಯಾಗಿತ್ತು; ಅಸ್ಪೃಶ್ಯರೆನಿಸಿಕೊಂಡವರಿಗೆ ಎಷ್ಟೋ ಕಡೆ ಪ್ರವೇಶವೇ ಇರಲಿಲ್ಲ. ಹಣ ಕೊಟ್ಟೂ ಬೀದಿಯಲ್ಲಿ ನಿಂತು ಕಾಫಿ ಕುಡಿಯಬೇಕಾದವನ ಮನಸ್ಸಿಗೆ ಒಳಗಿನ ಅಮೃತಶಿಲೆಯ ಮೇಜು ಹೇಗೆ ಕಂಡಿರಬೇಕು! 1950ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ 15ನೆಯ ವಿಧಿಯಲ್ಲಿ ಅಂಗಡಿ, ಹೋಟೆಲು, ಉಪಾಹಾರಗೃಹಗಳಿಗೆ ಹೋಗುವ ಹಕ್ಕನ್ನು ಜಾತಿಯ ಕಾರಣದಿಂದ ಯಾರಿಗೂ ತಪ್ಪಿಸಕೂಡದೆಂದು ವಿಧಿಸಿತು. ಆದರೂ 'ಬ್ರಾಹ್ಮಣರ ಹೋಟೆಲು' ಎಂಬ ಬೋರ್ಡುಗಳು ಉಳಿದವು. 1957ರಲ್ಲಿ ಪೆರಿಯಾರರ ಅನುಯಾಯಿಗಳು ಟ್ರಿಪ್ಲಿಕೇನಿನ ಮುರಳಿ ಕೆಫೆಯ ಮುಂದೆ ತಿಂಗಳುಗಟ್ಟಲೆ ಸತ್ಯಾಗ್ರಹ ಮಾಡಿ ಸೆರೆಗೆ ಹೋದರು; ಕೊನೆಗೆ ಆ ಪದವು ಬೋರ್ಡಿನಿಂದ ಇಳಿಯಿತು. ಇಂದು ಪಕ್ಕದ ಮೇಜಿನಲ್ಲಿ ಕುಳಿತವರು ಯಾರೆಂದು ನಾವು ಕೇಳುವುದಿಲ್ಲ. ಈ ಕೇಳದಿರುವುದು ಹೋಟೆಲಿನವರ ದಾನವಲ್ಲ. ಹೊರಗೆ ನಿಲ್ಲಿಸಲ್ಪಟ್ಟವರು ಹೋರಾಡಿ ಗಳಿಸಿದ್ದು.

ಅದಕ್ಕೆ ಒಂದು ವರ್ಷ ಹಿಂದೆ, 1956ರ ನವೆಂಬರ್ 1ರಂದು, ಇನ್ನೊಂದು ಬದಲಾವಣೆ ನಡೆದಿತ್ತು. ಆ ದಿನದ ಸಂತೋಷಕ್ಕಾಗಿಯೇ ನಾವು ಈ ಸಂಚಿಕೆಯನ್ನು ಹೊರತರುತ್ತೇವೆ. ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದಾಯಿತು. ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. ಆದರೆ ಮದರಾಸಿನ ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ರಾಯರಿಗೆ ಆ ಬೆಳಗ್ಗೆ ಏನಾಯಿತೆಂದು ಯೋಚಿಸಿದ್ದೇವೆಯೇ? ಹಿಂದಿನ ರಾತ್ರಿ ಮಲಗುವಾಗ ತನ್ನ ಪ್ರಾಂತದಲ್ಲಿಯೇ ಇದ್ದವರು, ಬೆಳಗಾಗುವಷ್ಟರಲ್ಲಿ ಕುಳಿತ ಜಾಗದಿಂದ ಏಳದೆಯೇ ಹೊರನಾಡಿನವರಾದರು. ಊರು ತನ್ನ ಜನವನ್ನು ಸೇರಿತು, ಅವರು ಇಲ್ಲಿ ಉಳಿದರು. ಮನೆಯಲ್ಲಿ ತುಳು, ಕಾಗದಪತ್ರದಲ್ಲಿ ಕನ್ನಡ, ಗಿರಾಕಿಯೊಡನೆ ತಮಿಳು ಎಂಬ ಅವರ ಮೂರು ನಾಲಗೆಯ ಬಾಳು ಹಾಗೆಯೇ ಸಾಗಿತು. ಗಿರಾಕಿಯೂ ಅವರನ್ನು ಪರಕೀಯರೆಂದು ಎಣಿಸಲಿಲ್ಲ. ಎಲೆಯ ಮೇಲೆ ಬಡಿಸಿದವನನ್ನು ಹೊರಗಿನವನೆನ್ನುವುದು ತಮಿಳರ ಸ್ವಭಾವವಲ್ಲ.

ಇದಕ್ಕೆ ಒಳ್ಳೆಯ ಸಾಕ್ಷಿ ನಮ್ಮ ನುಂಗಂಬಾಕ್ಕಂನ ಹೊಸ್ತಿಲಲ್ಲಿಯೇ ಇತ್ತು. ಹೈರೋಡು ಆರಂಭವಾಗುವ ಜೆಮಿನಿ ವೃತ್ತದ ಪಕ್ಕದಲ್ಲಿ, ಕೆಥೀಡ್ರಲ್ ರೋಡಿನ ಮರಗಳ ನೆರಳಿನಲ್ಲಿ, ಕೃಷ್ಣರಾಯರು 1962ರಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ತೆರೆದರು. ಕಾರಿನಿಂದ ಇಳಿಯಬೇಕಾಗಿಲ್ಲ, ಕಿಟಕಿಗೆ ತಟ್ಟೆಯೊಂದನ್ನು ಸಿಕ್ಕಿಸಿ ಅದರ ಮೇಲೆ ದೋಸೆ, ಕಾಫಿ ತಂದಿಡುತ್ತಿದ್ದರು. ಅಮೆರಿಕದ ಪದ್ಧತಿಗೆ ಉಡುಪಿಯ ತಿಂಡಿಯನ್ನು ಹೊಂದಿಸಿದ ಜಾಣತನವದು. ಕಾರಿಲ್ಲದವರಿಗೂ ಒಳಗೆ ಜಾಗವಿತ್ತು. ವಿದ್ಯಾರ್ಥಿಗಳು, ವಕೀಲರು, ಔಷಧಿ ಕಂಪನಿಗಳ ಪ್ರತಿನಿಧಿಗಳು ಒಂದು ಕಾಫಿಯ ಮುಂದೆ ಗಂಟೆಗಟ್ಟಲೆ ಕುಳಿತರೂ 'ಏಳಿ' ಎನ್ನುವವರಿರಲಿಲ್ಲ. ಆಗ ಕನ್ನಡ ಚಲನಚಿತ್ರಗಳು ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿಯೇ ತಯಾರಾಗುತ್ತಿದ್ದವು. ಕೋಡಂಬಾಕ್ಕಂನ ಚಿತ್ರಲೋಕಕ್ಕೂ ನುಂಗಂಬಾಕ್ಕಂ ನೆರೆಮನೆ. ಉದ್ಯಮವು ಬೆಂಗಳೂರಿಗೆ ಹೊರಟುಹೋದ ಮೇಲೂ ಡ್ರೈವ್-ಇನ್ ಉಳಿಯಿತು.

46 ವರ್ಷ ಉಳಿಯಿತು. ಜಾಗವು ಗುತ್ತಿಗೆಯದಾಗಿತ್ತು, ಬಹುಕಾಲದ ವ್ಯಾಜ್ಯದ ಅನಂತರ 2008ರಲ್ಲಿ ಅದು ಸರ್ಕಾರದ ವಶವಾಗಿ ಹೋಟೆಲು ಮುಚ್ಚಿತು. 2010ರ ನವೆಂಬರಿನಲ್ಲಿ ಅದೇ ನೆಲದ ಮೇಲೆ ಸೆಮ್ಮೊಳಿ ಪೂಂಗಾ, ಎಂದರೆ ಶಾಸ್ತ್ರೀಯ ಭಾಷೆಯ ಹೆಸರಿನ ಉದ್ಯಾನ, ತೆರೆಯಿತು. ಕಾಲದ ವಿನೋದವನ್ನು ನೋಡಿ: ಡ್ರೈವ್-ಇನ್ ಮುಚ್ಚಿದ ಅದೇ 2008ರ ಅಕ್ಟೋಬರ್ 31ರಂದು, ರಾಜ್ಯೋತ್ಸವದ ಮುನ್ನಾದಿನ, ನಮ್ಮ ಕನ್ನಡಕ್ಕೂ ಶಾಸ್ತ್ರೀಯ ಭಾಷೆಯ ಸ್ಥಾನ ಪ್ರಕಟವಾಯಿತು. ಒಂದು ಕೈಯಲ್ಲಿ ಮಾನಪತ್ರ ಬಂತು, ಇನ್ನೊಂದು ಕೈಯಿಂದ ಕಾಫಿಲೋಟ ಹೋಯಿತು.

ಹಾಗೆಂದು ಉಡುಪಿಯ ವಿದ್ಯೆ ಅಳಿಯಿತೆನ್ನಲಾಗದು. ಅದು ಎಲ್ಲರ ವಿದ್ಯೆಯಾಯಿತು. 1981ರಲ್ಲಿ ಕೆ.ಕೆ. ನಗರದಲ್ಲಿ ಹುಟ್ಟಿದ ಸರವಣ ಭವನವು, ಉಡುಪಿಯ ಸಂಬಂಧವಿಲ್ಲದ ತಮಿಳರ ಉದ್ಯಮವಾಗಿದ್ದೂ, ಶುಚಿ, ವೇಗ, ಒಂದೇ ರುಚಿ ಎಂಬ ಅದೇ ಸೂತ್ರವನ್ನು ಹಿಡಿದು ದೇಶಾಂತರಕ್ಕೆ ಹೋಯಿತು. ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ 1924ರಲ್ಲಿ ಆರಂಭಿಸಿದ ಹೋಟೆಲಿನಿಂದ ಬೆಳೆದ ಎಂ.ಟಿ.ಆರ್. ಪುಡಿಗಳ ಕಾರಖಾನೆಯನ್ನು 2007ರಲ್ಲಿ ನಾರ್ವೆ ದೇಶದ ಕಂಪನಿಯೊಂದು ಕೊಂಡುಕೊಂಡಿತು. ನುಂಗಂಬಾಕ್ಕಂನ ಅಂಗಡಿಯಲ್ಲಿ ನಾವು ಸಾರಿನ ಪುಡಿಯ ಪೊಟ್ಟಣ ಕೊಂಡಾಗ, ಕೋಟದ ಕಡೆಯ ಕೈರುಚಿಗೆ ಬೆಲೆ ಕೊಟ್ಟು ನಾರ್ವೆಗೆ ಲಾಭ ಕಳುಹಿಸುತ್ತೇವೆ. ದೂರುವ ಮಾತಲ್ಲ, ವ್ಯಾಪಾರದ ದಾರಿ ಹಾಗೆ.

ನಮಗೆ ಕಳವಳವಾಗುವುದು ಬೇರೆಯ ವಿಷಯಕ್ಕೆ. ಧಣಿಗಳ ಹೆಸರು ಪತ್ರಿಕೆಗಳಲ್ಲಿ ಉಳಿದಿದೆ. ಬೆಳಗಿನ ಜಾವ ಎದ್ದು ಹಿಟ್ಟು ರುಬ್ಬಿದ, ಹಬ್ಬಕ್ಕೆ ಊರಿಗೆ ಹೋಗಲಾಗದೆ ಮನಿಯಾರ್ಡರು ಮಾತ್ರ ಕಳುಹಿಸಿದ ಸಾವಿರಾರು ಮಾಣಿಗಳ ಹೆಸರು ಎಲ್ಲಿಯೂ ಇಲ್ಲ. ಅವರ ದುಡಿಮೆಯಿಂದ ಊರಿನ ಮನೆಗೆ ಹೆಂಚು ಬಂತು, ತಂಗಿಯ ಮದುವೆ ನಡೆಯಿತು, ತಮ್ಮನು ಬಿ.ಎ. ಮಾಡಿದನು. ಅವರಲ್ಲಿ ಕೆಲವರು ಮುಪ್ಪಿನಲ್ಲಿ ಇನ್ನೂ ಈ ನಗರದಲ್ಲಿದ್ದಾರೆ, ನಮ್ಮ ಸಂಘದ ಸಮಾರಂಭಗಳಿಗೂ ಬರುತ್ತಾರೆ, ಹಿಂದಿನ ಸಾಲಿನಲ್ಲಿ ಕೂಡುತ್ತಾರೆ. ಅವರ ಬಾಯಿಂದ ಕೇಳಿ ಬರೆದುಕೊಳ್ಳುವ, ಹಳೆಯ ಭಾವಚಿತ್ರ, ಬಿಲ್ಲುಪುಸ್ತಕ, ತಿಂಡಿಪಟ್ಟಿಗಳನ್ನು ಕೂಡಿಡುವ ಕೆಲಸವನ್ನು ಸಂಘವು ಈ ವರ್ಷವೇ ಕೈಗೊಳ್ಳಬೇಕೆಂದು ನಮ್ಮ ವಿನಂತಿ. ಹೆಚ್ಚು ಖರ್ಚಿನ ಕೆಲಸವಲ್ಲ. ಒಂದು ನೋಟ್‌ಬುಕ್ಕು, ಕೆಲವು ಭಾನುವಾರಗಳು ಸಾಕು. ತಡಮಾಡಿದರೆ ಮಾತ್ರ ಎಷ್ಟು ಖರ್ಚು ಮಾಡಿದರೂ ದೊರೆಯುವುದಿಲ್ಲ.

ಮಕ್ಕಳು ಗಾಜಿನ ಬಾಗಿಲಿನ ಹೋಟೆಲಿಗೆ ಹೋಗಲಿ, ಬೇಡವೆನ್ನುವುದಿಲ್ಲ. ಹೋಗುವ ದಾರಿಯಲ್ಲಿ ಕೆಥೀಡ್ರಲ್ ರೋಡಿನ ಆ ಉದ್ಯಾನವನ್ನು ತೋರಿಸಿ, 'ಇಲ್ಲಿ ನಮ್ಮೂರಿನವರು ಊರಿಗೆಲ್ಲ ಬಡಿಸುತ್ತಿದ್ದರು ಮಗು' ಎಂದು ಹೇಳಿದರೆ ಸಾಕು.