ತವರದ ಸಿಪಾಯಿಗೆ ಬಣ್ಣಾ ಹಚ್ಚಿದಾಕಿ

ಹೋದ ಸಲ ಕರಿಗಡಬಿನ ಬಗ್ಗೆ ಬರದಿದ್ದೆ, ಈ ಸಲ ಸಿಪಾಯಿಗಳ ಬಗ್ಗೆ ಬರೀಲಿಕತ್ತೀನಿ. "ಈಕಿಗೇನಾತು?" ಅಂತ ನಗಬ್ಯಾಡ್ರಿ. ಕಡೀತನಕಾ ಓದ್ರಿ, ಇದೂ ನಮ್ಮಂಥಾವರ ಕಥೀನೇ ಅದ.

ನನ್ನ ಮಗಗ ಒಂದು ಹುಚ್ಚು ಅದ, ನಿಮಗೆಲ್ಲಾ ಗೊತ್ತು. ಹಳೇ ಕಾಲದ ಯುದ್ಧಗಳನ್ನ ಮೇಜಿನ ಮ್ಯಾಲೆ ಸಣ್ಣ ಸಣ್ಣ ಸಿಪಾಯಿಗಳನ್ನ ನಿಲ್ಲಿಸಿ ಆಡೋ ಆಟ. ಒಂದೊಂದು ಸಿಪಾಯಿ 28 ಮಿಲಿಮೀಟರು, ನನ್ನ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು. ತಗೊಂಡಾಗ ಬರೇ ಬೂದಿ ಬಣ್ಣದ ಲೋಹ ಇರ್ತದ, ಬಣ್ಣಾ ನಾವೇ ಹಚ್ಚಬೇಕು. ಹೋದ ವರ್ಷ ಅಂವ 1815ರ ವಾಟರ್ಲೂ ಯುದ್ಧದ ಇಂಗ್ಲಿಷ್ ಸಿಪಾಯಿಗಳನ್ನ ಹಿಡಿದಿದ್ದ, 24 ಮಂದಿ. ಕೆಂಪು ಕೋಟು, ಎದಿ ಮ್ಯಾಲೆ ಬಿಳೇ ಪಟ್ಟಿ, ಕರೇ ಟೊಪಿಗಿ. ನಾಲ್ಕು ತಿಂಗಳ ಆಯಿತವಾರ ಎಲ್ಲಾ ಅದಕ್ಕೇ ಹೋದ್ವು.

ಶ್ರಾವಣದಾಗ ನಮ್ಮನ್ಯಾಗ ಸತ್ಯನಾರಾಯಣ ಪೂಜಾ ಇತ್ತು. "ನಾಳೆ ಮಂದಿ ಬರೋರಿದ್ದಾರ, ಇವತ್ತ ಈ ಮೇಜು ಖಾಲಿ ಮಾಡು" ಅಂತ ನಾ ಗಂಟು ಬಿದ್ದೆ. ಅಂವ "ಅವ್ವಾ, ವಾರ್ನಿಶ್ ಒಂದು ಉಳದದ, ಮಳಿ ನಿಲ್ಲಲಿ" ಅಂದ. ನಾ ಕೇಳಲಿಲ್ಲ. ಕಡೀಕೆ ಅಂವ ಪಡಸಾಲ್ಯಾಗ ಪೇಪರ್ ಹಾಸಿ, ಜಿಟಿಜಿಟಿ ಮಳ್ಯಾಗೇ ಸ್ಪ್ರೇ ಹೊಡದ. ಮುಂಜಾನೆ ಎದ್ದು ನೋಡಿದ್ರ 24 ಮಂದೀನೂ ಹಿಟ್ಟಿನ ಗಿರಣ್ಯಾಗಿಂದ ಬಂದಾವ್ರಂಗ ಬೆಳ್ಳಗ ಆಗಿ ನಿಂತಿದ್ರು. ಹುಡುಗ ಏನೂ ಅನಲಿಲ್ಲ. ಅಂದಿದ್ರನ ಛೊಲೊ ಇತ್ತು.

ಯಾಕ ಹಂಗಾತು ಅಂತ ಆಮ್ಯಾಲೆ ತಿಳಕೊಂಡೆ. ಹೊಳಪಿಲ್ಲದ ವಾರ್ನಿಶ್‌ನ್ಯಾಗ ಭಾಳ ನುಣ್ಣನ ಪುಡಿ ಕೂಡಿಸಿರ್ತಾರ. ಬೆಳಕು ಬಿದ್ದಾಗ ಅದು ಚೆದರಿಸ್ತದ, ಅದಕ್ಕ ಮಿಂಚೂದಿಲ್ಲ. ಹವಾದಾಗ ಥಂಡಿ ಹಸಿ ಇದ್ದಾಗ ಸ್ಪ್ರೇ ಹೊಡದ್ರ ನೀರಿನಂಶ ಆ ಪದರಿನ್ಯಾಗ ಸಿಕ್ಕೊಂಡು ಎಲ್ಲಾ ಮಂಜು ಮುಸುಕಿಧಂಗ ಆಗ್ತದ. ಒಣಾ ಬಿಸಲಿನ ದಿನಾನೇ ಹೊಡೀಬೇಕು, ನಾವು ಸಂಡಿಗಿ ಇಡೂ ಹಂಗ. ಸಂಡಿಗಿ ಮಳ್ಯಾಗ ಇಡಬಾರದು ಅಂತ ನನಗ ಯಾರರೆ ಹೇಳಬೇಕೇನು? ಆದ್ರ ಅಂವಂದು ಆಟ ಅಂತ ನಾ ಸಸಾರ ಮಾಡಿದೆ.

ತಪ್ಪು ನಂದು. ಹಿಂಗಾಗಿ ಮಧ್ಯಾಹ್ನ ಅಡಗಿ ಮುಗದ ಮ್ಯಾಲೆ ಅವನ ಪುಸ್ತಕಾ ತಗದು ಓದ್ಲಿಕ್ಕೆ ಕೂತೆ. ತಿಳೀಲಿಲ್ಲ ಅಂದ್ರ ಅವನ್ನ ಕೇಳಿದೆ. ಓದಿದ್ದನ್ನ ನಿಮಗ ಹೇಳ್ತೀನಿ.

ಈ ಸಿಪಾಯಿಗಳ ತವರುಮನಿ ಜರ್ಮನಿ ದೇಶದ ನ್ಯೂರೆಂಬರ್ಗ್ ಅನ್ನೋ ಊರು. ಅಲ್ಲಿ ತವರದ ಸಾಮಾನು ಎರಕಾ ಹೊಯ್ಯೋರು ಇದ್ರು. ತವರ ಅಂದ್ರ ನಮ್ಮ ಹಿತ್ತಾಳಿ ಪಾತ್ರಿಗೆ ಕಲಾಯಿ ಹಾಕಿಸ್ತಿದ್ವಲ್ಲಾ, ಅದೇ. 1770ರ ಆಜೂಬಾಜೂ ಹಿಲ್ಪರ್ಟ್ ಅನ್ನೋ ಕೆಲಸಗಾರ ಚಪ್ಪಟಿ ಸಿಪಾಯಿಗಳನ್ನ ಮಾಡ್ಲಿಕ್ಕೆ ಶುರು ಮಾಡಿದ. ಅವನೇ ಮಾಡಿದ ಪ್ರಶ್ಯಾದ ರಾಜಾ ಫ್ರೆಡ್ರಿಕ್‌ನ ಗೊಂಬಿ ಮ್ಯಾಲೆ 1777 ಅಂತ ಇಸವಿ ಅದ. ಮುಂದ 1839ರಾಗ ಹೈನ್ರಿಕ್ಸನ್ ಅಂಬಾವ್ರು ಅದೇ ಊರಾಗ ಕಾರಖಾನಿ ತಗದ್ರು. ಸಿಪಾಯಿ ಅಂದ್ರ 30 ಮಿಲಿಮೀಟರು ಎತ್ತರ ಇರಬೇಕು ಅನ್ನೋ ಅಳತಿ ಅವರಿಂದನ ಗಟ್ಟಿ ಆತು. ಎಲ್ಲಾ ಒಂದೇ ಅಳತಿ ಆದ್ರ, ಹುಡುಗ್ರು ಈ ವರ್ಷ ಒಂದು ಡಬ್ಬಿ, ಮುಂದಿನ ವರ್ಷ ಇನ್ನೊಂದು ಡಬ್ಬಿ ತಗೊಂಡು ಫೌಜು ಬೆಳಸ್ತಾರ. ವ್ಯಾಪಾರಸ್ಥರ ಬುದ್ಧಿ ನೋಡ್ರಿ! ಮಾರೂದೂ ತೂಕದ ಲೆಕ್ಕದಾಗ, ತೆಳ್ಳನ ಕಟಗಿ ಡಬ್ಬ್ಯಾಗ ಹಾಕಿ.

ಮಾಡೋ ರೀತಿ ಹಿಂಗ. ಪಾಟಿಕಲ್ಲಿನ ಎರಡು ಹೋಳಿನ್ಯಾಗ ಸಿಪಾಯಿಯ ಆಕಾರ ಉಲ್ಟಾ ಕೊರೀತಿದ್ರು. ಎರಡನ್ನೂ ಜೋಡಿಸಿ ಹಿಡದು, ಕಾಸಿದ ತವರ-ಸೀಸಾ ಹೊಯ್ದ್ರ ಬಿಲ್ಲಿಯಂಥಾ ತೆಳ್ಳನ ಸಿಪಾಯಿ ಬೀಳ್ತಿದ್ದ. ಎರಕಾ ಹೊಯ್ಯೂದು ಲಗೂ ಮುಗೀತಿತ್ತು. ತಡಾ ಆಗೂದು ಬಣ್ಣಾ ಹಚ್ಚೂದರಾಗ. ಕೋಟು, ಪ್ಯಾಂಟು, ಗುಂಡಿ, ಬಂದೂಕು, ಮಾರಿ, ಕುದರಿ ಬಾಲಾ ಎಲ್ಲಾ ಕೈಲೆನೇ ಹಚ್ಚಬೇಕು.

ಅದನ್ನ ಯಾರು ಹಚ್ಚತಿದ್ರು ಅಂತೀರಿ? ಹೆಣ್ಮಕ್ಕಳು. ಕಾರಖಾನಿಯಿಂದ ಸಿಪಾಯಿಗಳನ್ನ ಮನೀಗೆ ತಂದು, ಮನ್ಯಾಗಿನ ಸಣ್ಣ ಹುಡುಗ್ರನ್ನೂ ಕೂಡಿಸ್ಕೊಂಡು ಬಣ್ಣಾ ಹಚ್ಚಿ ಒಯ್ದು ಕೊಡ್ತಿದ್ರು. ರೊಕ್ಕಾ ಸಿಗೂದು ಎಷ್ಟು ಹಚ್ಚಿದ್ರ ಅಷ್ಟಕ್ಕ.

ಇಲ್ಲಿಗೆ ಬಂದಾಗ ನಾ ಪುಸ್ತಕಾ ಮಡಚಿ ಇಟ್ಟು ಸ್ವಲ್ಪ ಹೊತ್ತು ಸುಮ್ಮನ ಕೂತೆ. ನಾ ಮದವಿ ಆಗಿ ಬಂದ ಹೊಸತಾಗ, ಧಾರವಾಡದಾಗ ಅಂಗಡಿಯೊಬ್ಬರ ಸೀರಿಗೆ ಕಸೂತಿ ಹಾಕಿ ಕೊಡ್ತಿದ್ದೆ, ಹಿರ್‍ಯಾರಿಗೆ ನೆನಪಿರಬೇಕು. ಗವಂತಿ, ಮುರಗಿ, ನೇಗಿ, ಮೆಂಥಿ ಹೊಲಗಿ. ತುಳಸಿಕಟ್ಟಿ, ಗೋಪುರ, ಆನಿ ಅಂಬಾರಿ. ಕೂಸಿನ್ನ ತೊಡೀ ಮ್ಯಾಲೆ ಮಲಗಿಸ್ಕೊಂಡು ಎಳಿ ಎಣಸ್ತಿದ್ದೆ. ಒಂದು ಸೀರಿಗೆ ಇಷ್ಟು ಅಂತ ರೊಕ್ಕಾ. ಸೀರಿ ಅಂಗಡ್ಯಾವರ ಹೆಸರಿನ್ಯಾಗ ಹೋತು. ಯಾರು ಉಟ್ಟರೋ, ಯಾವ ಊರಿಗೆ ಹೋತೋ, ನನಗೂ ಗೊತ್ತಿಲ್ಲ.

ಇರಲಿ, ಕಥಿ ಮುಂದಕ್ಕ ಹೋಗಲಿ. ಇಂಗ್ಲಂಡಿನ ಹುಡುಗ್ರೂ ಮೊದಲು ಈ ಜರ್ಮನಿ ಸಿಪಾಯಿಗಳನ್ನೇ ಆಡ್ತಿದ್ರು. 1893ರಾಗ ಲಂಡನ್ನಿನ ಬ್ರಿಟನ್ಸ್ ಅನ್ನೋ ಮನೆತನದವ್ರು ಹೊಸಾ ಯುಕ್ತಿ ಮಾಡಿದ್ರು. ಅಚ್ಚಿನ್ಯಾಗ ಕಾಸಿದ ಸೀಸಾ ಹೊಯ್ದು, ಹೊರಗಿನ ಪದರು ಗಟ್ಟಿ ಆದಕೂಡ್ಲೆ ಒಳಗಿಂದು ಹೊರಗ ಸುರುವಿಬಿಡೂದು. ಸಿಪಾಯಿ ಒಳಗ ಟೊಳ್ಳು, ಮ್ಯಾಲೆ ದುಂಡಗ. ಸೀಸಾ ಉಳೀತು, ಕಿಮ್ಮತ್ತು ಇಳೀತು. 54 ಮಿಲಿಮೀಟರಿನ ಮಿರಿಮಿರಿ ಮಿಂಚೋ ಸಿಪಾಯಿಗಳು ಕೆಂಪು ಡಬ್ಬ್ಯಾಗ ಬಂದ್ವು. ಇವಕ್ಕೂ ಬಣ್ಣಾ ಹಚ್ಚಿದಾವ್ರು ಹೆಣ್ಮಕ್ಕಳೇ, ಕಾರಖಾನ್ಯಾಗ ಕೂತೂ ಹಚ್ಚಿದ್ರು, ಮನೀಗೆ ಒಯ್ದೂ ಹಚ್ಚಿದ್ರು. 1913ರಾಗ ಎಚ್. ಜಿ. ವೆಲ್ಸ್ ಅನ್ನೋ ದೊಡ್ಡ ಲೇಖಕರು 'ಲಿಟಲ್ ವಾರ್ಸ್' ಅಂತ ಪುಸ್ತಕಾ ಬರದು, ಸಿಪಾಯಿಗಳನ್ನ ನೆಲದ ಮ್ಯಾಲೆ ನಿಲ್ಲಿಸಿ ಆಟಿಗಿ ತೋಪಿನಿಂದ ಕೆಡವೋ ಆಟಕ್ಕ ನಿಯಮಾ ಹಾಕಿಕೊಟ್ರು. ನನ್ನ ಮಗ ಆಡೋ ಆಟದ ಅಜ್ಜ ಅಂದ್ರ ಅದೇ.

ಇದರಾಗ ಒಂದು ಸಂಕಟದ ಮಾತೂ ಅದ. ಸಿಪಾಯಿ ಮೈಯಾಗ ಸೀಸಾ, ಆಗಿನ ಕಾಲದ ಬಿಳೇ ಬಣ್ಣದಾಗೂ ಸೀಸಾ. ಸೀಸಾ ಹೊಟ್ಟಿಗೆ ಹೋದ್ರ ವಿಷ, ಅದರಾಗೂ ಸಣ್ಣ ಕೂಸುಗಳಿಗೆ. ಬಣ್ಣಾ ಹಚ್ಚೋ ಮನ್ಯಾಗೇ ಅಡಗಿ, ಅಲ್ಲೇ ಕೂಸು. ಬ್ರಿಟನ್ಸ್‌ನವ್ರು ಸೀಸದ ಸಿಪಾಯಿ ಮಾಡೂದು ಬಿಟ್ಟಿದ್ದು 1966ರಾಗ, ಆಮ್ಯಾಲೆ ಪ್ಲಾಸ್ಟಿಕ್ಕಿನ ಕಾಲ. ನನ್ನ ಮಗ ಬ್ರಷ್ಷಿನ ಮೊನಿ ಮಾಡ್ಲಿಕ್ಕೆ ತುಟೀಗೆ ಹಚ್ಕೋತಾನ. ಈಗಿನ ಬಣ್ಣದಾಗ ಸೀಸಾ ಇಲ್ಲ ಅಂತಾನ, ಆದ್ರೂ ನಾ ಬೈತೀನಿ.

ಸೀಸದ ಸಿಪಾಯಿಗೂ ಒಂದು ರೋಗಾ ಬರ್ತದಂತ. ಓಕ್ ಕಟಗಿ ಕಪಾಟಿನ್ಯಾಗ ಮುಚ್ಚಿಟ್ರ, ಆ ಕಟಗಿಯಿಂದ ಹೊಂಡೋ ಹುಳಿ ಆವಿ ತಾಗಿ ಸೀಸಾ ಬೆಳ್ಳನ ಪುಡಿ ಆಗಿ ಉದರ್ತದ. ಬಣ್ಣಾ, ವಾರ್ನಿಶ್ ಸರಿಯಾಗಿ ಕೂತಲ್ಲಿ ಆ ಆವಿ ಲಗೂ ತಾಗೂದಿಲ್ಲ. ಅಂದ್ರ ಆ ತಾಯಂದಿರು ಹಚ್ಚಿದ ಪದರು ಬರೇ ಶೃಂಗಾರ ಅಲ್ಲ, ಸಿಪಾಯಿಯ ಮೈಗಾವಲೂ ಹೌದು.

ಇನ್ನೊಂದು ಮಾತು ಕೇಳ್ರಿ. ಇವತ್ತ ಹಳೇ ಸಿಪಾಯಿ ಕೂಡಿಸೋ ಶ್ರೀಮಂತರು ಮೊದಲು ಕೇಳೂದು "ಮೂಲ ಬಣ್ಣಾ ಅದನೋ ಇಲ್ಲೋ?" ಅಂತ. ಯಾರರೆ ಹೊಸದಾಗಿ ಛಂದಗೆ ಬಣ್ಣಾ ಹಚ್ಚಿದ್ರ ಅದರ ಕಿಮ್ಮತ್ತು ಇಳೀತದ. ಅಂದ್ರ ಅವರು ರೊಕ್ಕಾ ಕೊಡೂದು ಸೀಸಕ್ಕಲ್ಲ, ಆಕಿ ಕೈಗೆ. ಆದ್ರ ಡಬ್ಬಿ ಮ್ಯಾಲೆ ಕಾರಖಾನಿ ಹೆಸರದ, ಆಕಿ ಹೆಸರು ಇಲ್ಲ. ಮೂಗಿನ ಮ್ಯಾಲೆ ಒಂದು ಚುಕ್ಕಿ ಸೊಟ್ಟ ಬಿದ್ದಿರ್ತದಲ್ಲಾ, ಅದೇ ಆಕಿ ಸಹಿ.

ನಮ್ಮ 24 ಮಂದಿ ಏನಾದ್ರು ಅಂತ ಕೇಳ್ತೀರಿ. ಮಳಿ ಹೋಗಿ ಬಿಸಲು ಬಿದ್ದ ಮ್ಯಾಲೆ, ಮಗ ಒಂದು ಸಿಪಾಯಿಗೆ ಅಂಜಕೋತ ಹೊಳಪಿನ ವಾರ್ನಿಶ್ ಬ್ರಷ್ಷಿಲೆ ಹಚ್ಚಿ ನೋಡಿದ. ಬಿಳೇ ಮಂಜು ಕರಗಿ ಕೆಂಪು ಕೋಟು ಕಣ್ಣಿಗೆ ಬಂತು! ಹೊಳಪಿನ ಪದರು ಆ ಬಿರುಕು-ಕಂದರಿನ್ಯಾಗ ತುಂಬಿಕೊಂಡು ಬೆಳಕು ಚೆದರೂದನ್ನ ತಪ್ಪಿಸ್ತದಂತ. ಮೊದಲು ಹೊಳಪಿಂದು, ಅದು ಗಟ್ಟಿ, ಕೈಯಾಡಿಸಿದ್ರ ಬಣ್ಣಾ ಹೋಗೂದಿಲ್ಲ. ಪೂರ್ತಿ ಒಣಗಿದ ಮ್ಯಾಲೆ ಅದರ ಮ್ಯಾಲೆ ತೆಳ್ಳಗ ಹೊಳಪಿಲ್ಲದ್ದು. ಹಿಂಗ ಮಾಡಿ 21 ಮಂದಿ ಉಳದ್ರು. ಮೂರು ಮಂದೀದು ಪೂರಾ ತಗದು ಹೊಸದಾಗಿ ಹಚ್ಚಬೇಕಾತು.

ಆ ಮೂರು ನಾ ಹಚ್ಚಿದೆ. ಕಸೂತಿ ಬಿಟ್ಟು ಎಷ್ಟೋ ವರ್ಷ ಆಗಿದ್ವು, ಕಣ್ಣೂ ಮೊದಲಿನಂಗಿಲ್ಲ, ಚಷ್ಮಾ ಮ್ಯಾಲೆ ಭೂತಕನ್ನಡಿ ಹಿಡದು ಕೂತೆ. ಬಿಳೇ ಪಟ್ಟಿ ಸ್ವಲ್ಪ ದಪ್ಪ ಆತು. ಮಗ ನೋಡಿ "ಇರಲಿ ಬಿಡವ್ವಾ, ಇವರು ಉಂಡುಟ್ಟು ಗಟ್ಟಿ ಇದ್ದಾರ" ಅಂದ.

ಆಮ್ಯಾಲೆ ಅವನ್ನ ಬೋರಲ ಹಾಕಿ, ಕಾಲಿನ ಬುಡದ ತಗಡಿಗೆ ಸಣ್ಣ ಅಕ್ಷರದಾಗ ನನ್ನ ಹೆಸರು, ಇಸವಿ ಬರದ. ಅದರ ಮ್ಯಾಲೂ ವಾರ್ನಿಶ್ ಹಚ್ಚಿದ.

ನಿಮ್ಮ ಪೆಟಿಗ್ಯಾಗ ನಿಮ್ಮ ಅವ್ವ, ಅಜ್ಜಿ ಹಾಕಿದ ಕಸೂತಿ, ಕೌದಿ ಏನರೆ ಇದ್ರ, ಯಾರು ಹಾಕಿದ್ದು ಅಂತ ಒಂದು ಚೀಟಿ ಬರದು ಅದರ ಜೊತಿಗೆ ಇಡ್ರಿ. ಗೊತ್ತಿದ್ದಾವ್ರು ಇರೂದ್ರೊಳಗ ಕೇಳಿ ಬರೀರಿ. ಮುಂದಿನ ವಾರ ಮತ್ತ ಭೆಟ್ಟಿ ಆಗೂಣು.