ಕಸುಬು ಯಾರದು, ಸರ್ಟಿಫಿಕೇಟು ಯಾರದು?

ಮುಂದಿನ ಕಾಲದ ಕೆಲಸಗಳಿಗೆ ತಕ್ಕಂತೆ ಕಸುಬಿನ ಶಿಕ್ಷಣವನ್ನು, ಅದರ ಸರ್ಟಿಫಿಕೇಟುಗಳನ್ನು ಬದಲಾಯಿಸಬೇಕು ಅಂತ ಸರ್ಕಾರದವರೂ ಹೇಳ್ತಾರೆ, ಕಾರ್ಖಾನೆ ಮಾಲೀಕರೂ ಹೇಳ್ತಾರೆ. ಬದಲಾಯಿಸಲಿ, ಬೇಡ ಅಂದವರು ಯಾರು? ಆದರೆ ಈ ದೇಶದಲ್ಲಿ 'ಅರ್ಹತೆ' ಎಂಬ ಮಾತಿಗೆ ಒಂದು ಚರಿತ್ರೆ ಇದೆ. ಚರ್ಮ ಹದ ಮಾಡಿದವನ, ಬಾವಿ ತೋಡಿದವನ, ಕಲ್ಲು ಒಡೆದವನ ಕೈಯಲ್ಲಿದ್ದದ್ದು ವಿದ್ಯೆ ಅಂತ ಯಾರೂ ಬರೆದುಕೊಡಲಿಲ್ಲ. ಅದನ್ನು ಕುಲಕಸುಬು ಅಂತ ಕರೆದು ಊರಾಚೆಗೆ ಇಟ್ಟರು. ಆ ಚರಿತ್ರೆಯನ್ನು ಮುಚ್ಚಿಟ್ಟು ಮಾಡುವ ಯಾವ ಸುಧಾರಣೆಯೂ ನಮ್ಮ ಹಟ್ಟಿಯ ಬಾಗಿಲಿಗೆ ಬರೋದಿಲ್ಲ.

ಮುಂಬಯಿಯ ಬಟ್ಟೆ ಗಿರಣಿಗಳನ್ನೇ ತಗೊಳ್ಳಿ. ಯಂತ್ರ ಬಂದರೆ ಜಾತಿ ಹೋಗುತ್ತೆ ಅಂತ ನಂಬಿದ್ದವರು ಅಲ್ಲಿಗೆ ಹೋಗಿ ನೋಡಬೇಕಿತ್ತು. ನೂಲುವ ವಿಭಾಗದಲ್ಲಿ ಅಸ್ಪೃಶ್ಯರಿಗೆ ಕೆಲಸ ಸಿಗುತ್ತಿತ್ತು. ಹೆಚ್ಚು ಕೂಲಿ ಇದ್ದ ನೇಯುವ ವಿಭಾಗಕ್ಕೆ ಮಾತ್ರ ಪ್ರವೇಶವಿಲ್ಲ. ಕಾರಣ ಏನು ಗೊತ್ತೇ? ಕಂಡಿಕೆ ಬದಲಾಯಿಸುವಾಗ ಲಾಳಿಯ ಕಣ್ಣಿನಿಂದ ನೂಲನ್ನು ಬಾಯಲ್ಲಿ ಎಳೆಯಬೇಕಿತ್ತು. ಮಹಾರನ ಎಂಜಲು ತಾಗಿದ ಲಾಳಿಯನ್ನು ಸವರ್ಣ ಕೂಲಿಗಾರ ಮುಟ್ಟಲಾರ! ಕೈಚಳಕವನ್ನು ಅಲ್ಲಿ ಯಾರೂ ಪರೀಕ್ಷೆ ಮಾಡಲಿಲ್ಲ, ಎಂಜಲನ್ನು ಮಾಡಿದರು. 1928ರ ದೊಡ್ಡ ಮುಷ್ಕರದ ಹೊತ್ತಿಗೆ ಅಂಬೇಡ್ಕರರು ಈ ಪ್ರಶ್ನೆಯನ್ನು ಮುಷ್ಕರದ ಮುಖಂಡರ ಮುಂದೆಯೇ ಇಟ್ಟರು. ಬಂಡವಾಳಗಾರನ ಅನ್ಯಾಯದ ಬಗ್ಗೆ ಗಂಟಲು ಹರಿಯುವಂತೆ ಕೂಗುತ್ತಿದ್ದವರು ಇದನ್ನು ಬೇಡಿಕೆಯಾಗಿ ಒಪ್ಪಿಕೊಂಡದ್ದು ಮನಸ್ಸಿಲ್ಲದ ಮನಸ್ಸಿನಿಂದ.

ಅಂಬೇಡ್ಕರರು ಇದನ್ನು ಅಲ್ಲಿಗೇ ಬಿಡಲಿಲ್ಲ. 1942ರಲ್ಲಿ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ವಹಿಸಿಕೊಂಡ ವರ್ಷವೇ ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಮನವಿಯೊಂದನ್ನು ವೈಸರಾಯರಿಗೆ ಕೊಟ್ಟರು. ವಿಜ್ಞಾನ ಮತ್ತು ತಾಂತ್ರಿಕ ಶಿಕ್ಷಣಕ್ಕೆ ವಿದ್ಯಾರ್ಥಿವೇತನ ಕೊಡಿ, ಸರ್ಕಾರಿ ಮುದ್ರಣಾಲಯಗಳಲ್ಲಿ, ರೈಲ್ವೆಯಲ್ಲಿ ನಮ್ಮ ಹುಡುಗರನ್ನು ಅಪ್ರೆಂಟಿಸುಗಳಾಗಿ ತಗೊಳ್ಳಿ ಅಂತ ಅದರಲ್ಲಿ ಕೇಳಿದ್ದರು. ಹಳೇ ಕಸುಬನ್ನೇ ಇನ್ನಷ್ಟು ಚೆನ್ನಾಗಿ ಕಲಿಸಿ ಅಂತ ಅವರು ಕೇಳಲಿಲ್ಲ. ಹೊಸ ಯಂತ್ರದ ಮುಂದೆ ನಿಲ್ಲುವ ಜಾಗ ಕೇಳಿದರು. ಈ ವ್ಯತ್ಯಾಸ ನಮಗೆ ನೆನಪಿರಬೇಕು.

ಯಾಕೆಂದರೆ ಹತ್ತೇ ವರ್ಷ ಕಳೆಯುವಷ್ಟರಲ್ಲಿ ಇದಕ್ಕೆ ತದ್ವಿರುದ್ಧವಾದ ಸುಧಾರಣೆಯೊಂದು ಬಂತು. 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಾಜಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆ ತಂದರು. ದಿನಕ್ಕೆ ಮೂರು ಗಂಟೆ ಶಾಲೆ, ಉಳಿದ ಹೊತ್ತು ಮಗು ಅಪ್ಪನ ಕಸುಬು ಕಲಿಯಬೇಕು. ಆಗ ದಕ್ಷಿಣ ಕನ್ನಡ ಜಿಲ್ಲೆಯೂ ಮದ್ರಾಸಿಗೇ ಸೇರಿತ್ತು. ಕೇಳಲು ಎಷ್ಟು ಚೆಂದ! ಶ್ರಮಕ್ಕೆ ಗೌರವ, ಕೈಗೂ ತಲೆಗೂ ನಂಟು. ಆದರೆ ವಕೀಲನ ಮಗ ಅಪ್ಪನ ಜೊತೆ ಕೂತು ಕಾನೂನು ಕಲಿತಾನೆ, ಜಾಡಮಾಲಿಯ ಮಗ ಏನು ಕಲೀಬೇಕು ಸ್ವಾಮಿ? ಪೆರಿಯಾರ್ ಮತ್ತವರ ಜೊತೆಯವರು ಇದು ಕುಲಶಿಕ್ಷಣ ಅಂತ ಬೀದಿಗಿಳಿದರು. 1954ರಲ್ಲಿ ರಾಜಾಜಿ ಇಳಿದರು. ಕಾಮರಾಜರು ಬಂದು ಯೋಜನೆಯನ್ನು ಕೈಬಿಟ್ಟರು.

ಇನ್ನೊಂದು ಕಡೆ ಐಟಿಐಗಳು ಬಂದವು. 1950ರಲ್ಲಿ ಶುರುವಾದ ಕುಶಲಕರ್ಮಿ ತರಬೇತಿ ಯೋಜನೆ ಫಿಟ್ಟರ್, ಟರ್ನರ್, ವೆಲ್ಡರ್, ಎಲೆಕ್ಟ್ರಿಷಿಯನ್ ಕೆಲಸಗಳನ್ನು ಜಾತಿ ಮನೆಯಿಂದ ಹೊರಗೆ ತಂದು ಶೆಡ್ಡಿನಲ್ಲಿ ಕಲಿಸಿತು. 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂತು. ಆದರೆ ಅದರಲ್ಲಿ ಪರಿಶಿಷ್ಟರಿಗೆ ಜಾಗ ಮೀಸಲಿಡಬೇಕು ಅಂತ ಬರೆಯೋದಕ್ಕೆ 1973ರ ತಿದ್ದುಪಡಿಯೇ ಬೇಕಾಯ್ತು. ಹನ್ನೆರಡು ವರ್ಷ! ಕೊರತೆ ಏನೇ ಇರಲಿ, ಹೊಲಗೇರಿಯ ಹುಡುಗ ಅಪ್ಪ ಮುಟ್ಟದ ಉಪಕರಣ ಹಿಡಿಯುವಂತೆ ಮಾಡಿದ ಬಾಗಿಲು ಅದು.

ಕಾಲ ಬದಲಾದಾಗ ಬರೀ ಒಂದೇ ಕೆಲಸದ ಕಾಗದ ಹಿಡಿದವನ ಗತಿ ಏನಾಗುತ್ತೆ ಅನ್ನೋದಕ್ಕೆ ಕೋಲಾರದ ಚಿನ್ನದ ಗಣಿ ಸಾಕ್ಷಿ. ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ದಲಿತರೇ ಹೆಚ್ಚಾಗಿ ಆ ಪಾತಾಳಕ್ಕೆ ಇಳಿದವರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಬಂಡೆಯ ಸದ್ದು ಕೇಳಿಯೇ ಅಪಾಯ ಅಳೆಯುವ ವಿದ್ಯೆ ಅವರದು. ಮೇಟ್, ಬ್ಲಾಸ್ಟರ್ ಅಂತ ಗಣಿ ಕಾನೂನಿನ ಸರ್ಟಿಫಿಕೇಟುಗಳೂ ಇದ್ದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿಯೊಳಗಿನ ಆ ಕಾಗದಕ್ಕೆ ಬೆಂಗಳೂರಿನಲ್ಲಿ ಬೆಲೆ ಎಲ್ಲಿ? ಅವರ ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಕೂಲಿಗೆ, ಕಾವಲಿಗೆ, ಸಿಕ್ಕಿದ ಕೆಲಸಕ್ಕೆ ಹೊರಟರು.

2013ರಲ್ಲಿ ಕೇಂದ್ರ ಸರ್ಕಾರ ಕೌಶಲ್ಯಗಳನ್ನೆಲ್ಲ ಹಂತ ಹಂತವಾಗಿ ಜೋಡಿಸುವ ರಾಷ್ಟ್ರೀಯ ಚೌಕಟ್ಟು ಮಾಡಿತು. ಕೆಲಸ ಮಾಡಿಯೇ ಕಲಿತವರಿಗೂ ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡಬಹುದು ಅಂತಾಯ್ತು. ಒಳ್ಳೆಯದೇ. ಆದರೆ ಹಂತ ಇದೆ, ಹಂತಕ್ಕೆ ತಕ್ಕ ಕೂಲಿ ಕೊಡಲೇಬೇಕು ಅನ್ನುವ ಕಟ್ಟಳೆ ಆ ಚೌಕಟ್ಟಿನಲ್ಲಿ ಇಲ್ಲ. ಅದೇ 2013ರಲ್ಲಿ ಮಲ ಹೊರುವ ಪದ್ಧತಿಯ ವಿರುದ್ಧದ ಕಾಯಿದೆಯೂ ಬಂತು. ಅದರಲ್ಲಿ ಬೇರೆ ಕಸುಬಿನ ತರಬೇತಿ, ಕಲಿಯುವಾಗ ತಿಂಗಳಿಗೆ 3000 ರೂಪಾಯಿಗೆ ಕಡಿಮೆಯಿಲ್ಲದ ವೇತನದ ಮಾತಿದೆ. ಕಾಯಿದೆ ಬಂದ ಮೇಲೂ ಮ್ಯಾನ್‌ಹೋಲಿನಲ್ಲಿ ಸಾಯುವುದು ನಿಂತಿಲ್ಲ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳಿಗೆ ತರಬೇತಿ, ಉಪಕರಣಕ್ಕೆ 15,000 ರೂಪಾಯಿ ಕೊಡುತ್ತದೆ. ಚಪ್ಪಲಿ ಹೊಲಿಯುವವನಿಗೆ ಹೊಸ ಉಪಕರಣ ಬೇಕು, ನಿಜ. ಆದರೆ ಮನೆತನದ ಕಸುಬು, ಗುರುಶಿಷ್ಯ ಪರಂಪರೆ ಎಂಬ ಮಾತು ಕೇಳಿದಾಗ 1953 ನೆನಪಾಗದೆ ಇರುತ್ತದೆಯೆ? ತಮಿಳುನಾಡು ಸರ್ಕಾರ 2024ರಲ್ಲಿ ಈ ರೂಪದಲ್ಲಿ ಇದು ನಮಗೆ ಬೇಡ ಅಂದದ್ದು ಸುಮ್ಮನೆ ಅಲ್ಲ.

ಆದ್ದರಿಂದ ಗೆಳೆಯರೆ, ಯಾವುದೇ ಹೊಸ ಸರ್ಟಿಫಿಕೇಟು ಬಂದರೂ ನಾವು ಮೂರು ಪ್ರಶ್ನೆ ಕೇಳೋಣ. ಇದು ಹುಟ್ಟಿದ ಕಸುಬಿನಿಂದ ಹೊರಗೆ ಒಯ್ಯುತ್ತದೆಯೋ, ಅದಕ್ಕೇ ಕಟ್ಟಿಹಾಕುತ್ತದೆಯೋ? ಒಂದು ಗಣಿ, ಒಂದು ಗಿರಣಿ ಮುಚ್ಚಿದರೆ ಇನ್ನೊಂದು ಕಡೆ ನಡೆಯುತ್ತದೆಯೋ? ಕೂಲಿ ಹೆಚ್ಚುತ್ತದೆಯೋ? ಮೂರಕ್ಕೂ ಉತ್ತರ ಕೊಡಲಾಗದ ಕಾಗದ ಗೋಡೆಗೆ ನೇತುಹಾಕೋದಕ್ಕೆ ಚೆನ್ನ, ಹೊಟ್ಟೆಗಲ್ಲ.