ಯಂತ್ರದೊಳಗೊಂದು ಯಂತ್ರ



ನಿಮ್ಮ ಮನೆಯ ಗಣಕದಲ್ಲಿ ವಿಂಡೋಸ್ ಇದೆ ಎಂದಿಟ್ಟುಕೊಳ್ಳಿ. ಕಾಲೇಜಿನ ಪಾಠಕ್ಕೆ ಲಿನಕ್ಸ್ ಬೇಕೆಂದು ಮಗಳು ಕೇಳುತ್ತಾಳೆ. ಇನ್ನೊಂದು ಗಣಕ ಕೊಳ್ಳಬೇಕಾಗಿಲ್ಲ, ಇರುವುದನ್ನು ಅಳಿಸಬೇಕಾಗಿಯೂ ಇಲ್ಲ. ತಕ್ಕ ತಂತ್ರಾಂಶವೊಂದನ್ನು ಹಾಕಿಕೊಂಡರೆ ತೆರೆಯ ಮೇಲೆ ಒಂದು ಕಿಟಕಿ ಮೂಡಿ, ಅದರೊಳಗೆ ಮತ್ತೊಂದು ಗಣಕವೇ ಕಣ್ತೆರೆಯುತ್ತದೆ. ಅದಕ್ಕೆ ತನ್ನದೇ ಮೆಮೊರಿ, ತನ್ನದೇ ಡಿಸ್ಕ್, ತನ್ನದೇ ಆಪರೇಟಿಂಗ್ ಸಿಸ್ಟಂ. ಈ ಕಲ್ಪಿತ ಗಣಕಕ್ಕೆ ವರ್ಚುಯಲ್ ಮಷೀನ್ ಎಂದು ಹೆಸರು. ಇದು ಈಚಿನ ಸೋಜಿಗವೆಂದು ಹಲವರು ತಿಳಿದಿದ್ದಾರೆ. ಆದರೆ ಈ ವಿಚಾರಕ್ಕೆ ಅರ್ಧ ಶತಮಾನಕ್ಕೂ ಮೀರಿದ ಚರಿತ್ರೆಯಿದೆ. ಅದು ಹುಟ್ಟಿದ್ದು ಸಮೃದ್ಧಿಯಿಂದಲ್ಲ, ಕೊರತೆಯಿಂದ.

1960ರ ಸುಮಾರಿಗೆ ಒಂದು ಗಣಕವೆಂದರೆ ಒಂದು ಕೋಣೆಯ ತುಂಬ ಯಂತ್ರಗಳು. ಅದನ್ನು ಮುಟ್ಟುವ ಅವಕಾಶ ಕೆಲವರಿಗೆ ಮಾತ್ರ. ಉಳಿದವರು ತಮ್ಮ ಲೆಕ್ಕವನ್ನು ರಂಧ್ರ ಕೊರೆದ ಕಾರ್ಡುಗಳ ಕಟ್ಟಾಗಿ ಒಪ್ಪಿಸಿ, ಸರದಿಗಾಗಿ ಕಾಯಬೇಕಿತ್ತು. ಒಂದು ಅಲ್ಪವಿರಾಮ ತಪ್ಪಿದರೆ ಮತ್ತೆ ಮೊದಲಿನಿಂದ ಕಾಯುವುದು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂಐಟಿಯಲ್ಲಿ, ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರಲ್ಲಿ ಒಂದು ಪರಿಹಾರವನ್ನು ತೋರಿಸಿಕೊಟ್ಟರು. ಗಣಕದ ಕಾಲವನ್ನು ಸಣ್ಣ ಸಣ್ಣ ತುಣುಕುಗಳಾಗಿ ಮಾಡಿ ಹಲವರಿಗೆ ಹಂಚುವುದೇ ಆ ಉಪಾಯ. ಬಳಸುವವರಿಗೆ ಗಣಕ ತಮಗೊಬ್ಬರಿಗೇ ದುಡಿಯುತ್ತಿರುವಂತೆ ತೋರುತ್ತಿತ್ತು.

ಈ ಮಾರ್ಗವನ್ನು ಮುಂದುವರಿಸಲು ಎಂಐಟಿ 1964ರಲ್ಲಿ ಹೊಸ ಯಂತ್ರವನ್ನು ಹುಡುಕಿತು. ಐಬಿಎಂ ಕಂಪನಿಗೆ ಸಿಗಬಹುದೆಂದಿದ್ದ ಆ ಗೌರವ ಜನರಲ್ ಎಲೆಕ್ಟ್ರಿಕ್ ಪಾಲಾಯಿತು. ಎಂಐಟಿಯ ಆ ಯೋಜನೆ ನಡೆಯುತ್ತಿದ್ದ ಕೇಂಬ್ರಿಜ್ ನಗರದ ಕಟ್ಟಡದಲ್ಲೇ ಐಬಿಎಂನ ಒಂದು ಪುಟ್ಟ ವೈಜ್ಞಾನಿಕ ಕೇಂದ್ರವೂ ಇತ್ತು. ಅದನ್ನು ಸ್ಥಾಪಿಸಿದವರು ನಾರ್ಮನ್ ರಾಸ್ಮುಸೆನ್. ಅಲ್ಲಿ ರಾಬರ್ಟ್ ಕ್ರೀಸಿ ಎಂಬುವರ ನೇತೃತ್ವದ ಸಣ್ಣ ತಂಡ ಬೇರೆಯದೇ ಯೋಚನೆ ಮಾಡಿತು. ಕಾಲವನ್ನಷ್ಟೇ ಏಕೆ ಹಂಚಬೇಕು, ಪ್ರತಿಯೊಬ್ಬರಿಗೂ ಒಂದು ಇಡೀ ಗಣಕವನ್ನೇ ಕೊಟ್ಟಂತೆ ಮಾಡಬಾರದೇಕೆ?

ನಮ್ಮ ಹಳೆಯ ವಠಾರಗಳನ್ನು ನೆನಪಿಸಿಕೊಳ್ಳಿ. ಕಟ್ಟಡ ಒಂದು, ಬಾವಿ ಒಂದು. ಆದರೆ ಪ್ರತಿ ಸಂಸಾರಕ್ಕೂ ತನ್ನ ಬಾಗಿಲು, ತನ್ನ ಒಲೆ. ಕ್ರೀಸಿ ತಂಡದ ವಠಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅಲ್ಲಿ ಪ್ರತಿ ಬಾಡಿಗೆದಾರನಿಗೂ ಇಡೀ ಮನೆಯೇ ತನ್ನದೆಂಬ ಭಾವನೆ, ಪಕ್ಕದವನಿದ್ದಾನೆಂಬ ಸುಳಿವೂ ಇಲ್ಲ. ಬಾವಿಯ ಹಗ್ಗ ಮಾತ್ರ ಸದಾ ಮನೆಯೊಡೆಯನ ಕೈಯಲ್ಲಿ. ಆ ಒಡೆಯನೇ ನಿಯಂತ್ರಕ ತಂತ್ರಾಂಶ.

ಸಿಪಿ-40 ಎಂಬ ಈ ವ್ಯವಸ್ಥೆ 1967ರ ಜನವರಿಯಲ್ಲಿ ದೈನಂದಿನ ಬಳಕೆಗೆ ಬಂತು. ಸಿಸ್ಟಂ 360 ಮಾಡೆಲ್ 40 ಎಂಬ ಒಂದೇ ಗಣಕ, ಕೊಂಚ ಮಾರ್ಪಾಟಿನೊಂದಿಗೆ, ಏಕಕಾಲಕ್ಕೆ 14 ಗಣಕಗಳಂತೆ ನಡೆದುಕೊಂಡಿತು. ಪ್ರತಿಯೊಂದಕ್ಕೂ 256 ಕಿಲೋಬೈಟ್ ಮೆಮೊರಿ. ಇಂದು ಕೈಫೋನಿನ ಒಂದು ಛಾಯಾಚಿತ್ರಕ್ಕೂ ಸಾಲದ ಜಾಗವದು!

ಆದರೆ ಕಂಪನಿಯ ಕಣ್ಣಿನಲ್ಲಿ ಇದು ಮಲಮಗು. ಮಾಡೆಲ್ 67 ಎಂಬ ದೊಡ್ಡ ಗಣಕಕ್ಕೆಂದು ಐಬಿಎಂ ಬಹಳ ಜನರನ್ನು ತೊಡಗಿಸಿ ಸಿದ್ಧಪಡಿಸುತ್ತಿದ್ದುದು ಟಿಎಸ್‌ಎಸ್ ಎಂಬ ಅಧಿಕೃತ ವ್ಯವಸ್ಥೆಯನ್ನು. ಅದು ತಡವಾಯಿತು, ತಡವರಿಸಿತು. ಅದೇ ಗಣಕದ ಮೇಲೆ ಕೇಂಬ್ರಿಜ್ ತಂಡದ ಸಿಪಿ-67 ಚೆನ್ನಾಗಿ ಓಡಿತು. ಕಂಪನಿ ಅದಕ್ಕೆ ಪೂರ್ಣ ಬೆಂಬಲದ ಭರವಸೆ ಕೊಡಲಿಲ್ಲ. ಮೂಲ ಬರಹವನ್ನು ಮಾತ್ರ ಗ್ರಾಹಕರಿಗೆ ಕೊಟ್ಟಿತು. ಗ್ರಾಹಕರು ಅದನ್ನು ಓದಿ, ತಿದ್ದಿ, ಬೆಳೆಸಿದರು. ಕೊನೆಗೆ ಟಿಎಸ್‌ಎಸ್ ಬದಿಗೆ ಸರಿಯಿತು. 1972ರ ಆಗಸ್ಟ್‌ನಲ್ಲಿ ಮಲಮಗುವೇ ವಿಎಂ/370 ಎಂಬ ಹೆಸರಿನಲ್ಲಿ ಅಧಿಕೃತವಾಗಿ ಮನೆ ತುಂಬಿತು. ಬಳಸುವವರ ಪ್ರೀತಿಯಿಲ್ಲದಿದ್ದರೆ ಈ ವಿಚಾರ ಆಗಲೇ ಕಡತ ಸೇರುತ್ತಿತ್ತೋ ಏನೋ.

1974ರಲ್ಲಿ ಜೆರಾಲ್ಡ್ ಪೊಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಇದರ ಶಾಸ್ತ್ರವನ್ನು ಬರೆದರು. ಅದರ ಸಾರ ಸರಳ: ಒಳಗಿನ ವ್ಯವಸ್ಥೆ ಯಂತ್ರದ ಮೂಲಸ್ಥಿತಿಯನ್ನು ಮುಟ್ಟುವ ಆದೇಶ ಕೊಟ್ಟಾಗಲೆಲ್ಲ, ಪ್ರೊಸೆಸರ್ ಅದನ್ನು ತಡೆದು ಒಡೆಯನಿಗೆ ದೂರು ಕೊಡಬೇಕು. ಒಡೆಯ ಅದನ್ನು ವಿಚಾರಿಸಿ ತಕ್ಕ ಉತ್ತರ ಕೊಡುತ್ತಾನೆ. ಒಂದೇ ಒಂದು ಆದೇಶ ದೂರಿಲ್ಲದೆ ನುಸುಳಿದರೂ ವಠಾರದ ಗೋಡೆ ಬಿರುಕುಬಿಟ್ಟಂತೆ.

ಮುಂದೆ ಮೇಜಿನ ಮೇಲಿನ ಗಣಕಗಳು ಬಂದವು. ಪ್ರತಿಯೊಬ್ಬರಿಗೂ ನಿಜವಾದ ಯಂತ್ರವೇ ಸಿಕ್ಕಾಗ ಕಲ್ಪಿತ ಯಂತ್ರ ಯಾರಿಗೆ ಬೇಕು? ಆ ಗಣಕಗಳ ಇಂಟೆಲ್ ಪ್ರೊಸೆಸರುಗಳಾದರೋ ಈ ಶಾಸ್ತ್ರಕ್ಕೆ ಹೊಂದುತ್ತಲೇ ಇರಲಿಲ್ಲ. 2000ದಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಪೆಂಟಿಯಂನಲ್ಲಿ ಇಂಥ 17 ತೊಡಕಿನ ಆದೇಶಗಳನ್ನು ಗುರುತಿಸಿತು. ‘ಪಾಪ್‌ಎಫ್’ ಎಂಬ ಒಂದನ್ನು ನೋಡಿ. ಹೊರಗಿನ ಅಡಚಣೆಗಳನ್ನು ತಡೆಯಲು ಒಳಗಿನ ವ್ಯವಸ್ಥೆ ಇದನ್ನು ಬಳಸಿದರೆ, ಪ್ರೊಸೆಸರ್ ಆದೇಶವನ್ನು ಪಾಲಿಸುವುದಿಲ್ಲ, ದೂರನ್ನೂ ಕೊಡುವುದಿಲ್ಲ. ಸುಮ್ಮನಿದ್ದುಬಿಡುತ್ತದೆ. ಈ ಮೌನವೇ ಅಪಾಯ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮೆಂಡಲ್ ರೋಸೆನ್‌ಬ್ಲಮ್ ಮತ್ತು ಅವರ ವಿದ್ಯಾರ್ಥಿಗಳು ಬೇರೊಂದು ಪ್ರೊಸೆಸರಿನ ಮೇಲೆ ಈ ಹಳೆಯ ವಿಚಾರಕ್ಕೆ ಮತ್ತೆ ಜೀವ ತುಂಬಿ, 1997ರಲ್ಲಿ ಅದರ ಪ್ರಬಂಧವನ್ನು ಪ್ರಕಟಿಸಿದರು. ಡಯೇನ್ ಗ್ರೀನ್ ಮೊದಲಾದವರೊಡನೆ ಕೂಡಿ 1998ರಲ್ಲಿ ಅವರು ಕಟ್ಟಿದ ಕಂಪನಿಯೇ ವಿಎಂವೇರ್. ಅಪಾಯದ ಆದೇಶಗಳನ್ನು ಓಡುವ ಮುನ್ನವೇ ಗುರುತಿಸಿ, ಸುರಕ್ಷಿತ ಆದೇಶಗಳಾಗಿ ಅನುವಾದಿಸುವುದು ಅವರ ಜಾಣ್ಮೆ. 1999ರ ಮೇ ತಿಂಗಳಲ್ಲಿ ಅವರ ತಂತ್ರಾಂಶ ಹೊರಬಂದಾಗ, ಲಿನಕ್ಸಿನೊಳಗೆ ವಿಂಡೋಸ್ ಓಡುವುದನ್ನು ಮನೆಯಲ್ಲೇ ನೋಡುವಂತಾಯಿತು. 2005ರಲ್ಲಿ ಇಂಟೆಲ್, ಮರುವರ್ಷ ಎಎಂಡಿ, ಪ್ರೊಸೆಸರಿನೊಳಗೇ ಇದಕ್ಕೆ ಏರ್ಪಾಟು ಮಾಡಿದವು. ಅಮೆಜಾನ್ ಕಂಪನಿ 2006ರಲ್ಲಿ ಕಲ್ಪಿತ ಗಣಕಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿತು. ದೂರದ ದೊಡ್ಡ ಗಣಕವನ್ನು ಹಲವರು ಹಂಚಿಕೊಳ್ಳುವ ಕಾಲ ಹೀಗೆ ಮರಳಿ ಬಂತು.

ನಮಗೆ ಇದರಿಂದೇನು? ಯೂನಿಕೋಡ್ ಬಳಕೆಗೆ ಬರುವ ಮುನ್ನ ಹಳೆಯ ಕನ್ನಡ ತಂತ್ರಾಂಶಗಳಲ್ಲಿ ಅಚ್ಚುಮಾಡಿಟ್ಟ ಪುಸ್ತಕ, ಪತ್ರಗಳು ಹಲವರ ಬಳಿ ಇವೆ. ಹೊಸ ಗಣಕದಲ್ಲಿ ತೆರೆದರೆ ಅಕ್ಷರಗಳು ಚೆಲ್ಲಾಪಿಲ್ಲಿ. ಹಳೆಯ ವಿಂಡೋಸ್ ಮತ್ತು ಹಳೆಯ ತಂತ್ರಾಂಶದ ಪ್ರತಿಗಳು ನಿಮ್ಮಲ್ಲಿದ್ದರೆ, ಅವುಗಳಿಗೆ ಒಂದು ವರ್ಚುಯಲ್ ಮಷೀನ್ ಕಟ್ಟಿಕೊಟ್ಟು ಆ ಕಡತಗಳನ್ನು ಮತ್ತೆ ಓದಲು ಪ್ರಯತ್ನಿಸಬಹುದು.

ಎರಡು ಎಚ್ಚರಿಕೆಗಳಿವೆ. ಹಳೆಯ ವ್ಯವಸ್ಥೆಗೆ ಭದ್ರತೆಯ ತಿದ್ದುಪಡಿಗಳು ಬರುವುದಿಲ್ಲವಾದ್ದರಿಂದ ಅದಕ್ಕೆ ಅಂತರಜಾಲದ ಸಂಪರ್ಕ ಕೊಡಬೇಡಿ. ಮತ್ತೆ, ಒಳಗಿನ ಆ ಇಡೀ ಗಣಕ ನಿಮ್ಮ ಡಿಸ್ಕಿನ ಮೇಲಿನ ಕೆಲವು ಕಡತಗಳು ಮಾತ್ರ. ಡಿಸ್ಕ್ ಕೆಟ್ಟರೆ ಮನೆಯೂ ಹೋಯಿತು, ಬಾಡಿಗೆದಾರನೂ ಹೋದ. ಒಂದು ಪ್ರತಿಯನ್ನು ಬೇರೆಡೆ ತೆಗೆದಿಡಲು ಮರೆಯದಿರಿ.